ಎಣ್ಣೆ ಹಡಗಿಗೆ ಕರ್ಪೂರ

ಹನಗೋಡು, ಹುಣಸೂರು ತಾಲ್ಲೂಕು
ಬಹುಧಾನ್ಯ ಸಂವತ್ಸರ, ಆಶ್ವಯುಜ ಶುದ್ಧ ತದಿಗೆ

ನನ್ನ ಭಾವಮೈದನೂ, ಹಿಂದೊಂದು ಕಾಲಕ್ಕೆ ರಂಗದ ಮೇಲೆ ನನ್ನ ಪಟ್ಟದ ರಾಣಿಯೂ ಆಗಿದ್ದ ಚಿ॥ ಮುದ್ದಯ್ಯನಿಗೆ, ನಿನ್ನ ಭಾವ ದೊಡ್ಡಬೀರಯ್ಯ ಮಾಡುವ ಆಶೀರ್ವಾದಗಳು.

ಮೊದಲು ಒಂದು ಮಾತು. ಇದನ್ನು ಓದುವಾಗ ಬಾಯಲ್ಲಿ ಬೀಡಿ ಇದ್ದರೆ ಆರಿಸು. ಹಡಗಿನ ಮೇಲೆ ನಿಂತು ಓದುತ್ತಿದ್ದರೆ ಕೆಳಗಿಳಿ. ಇಳಿದೆಯಾ? ದಡದ ಮಣ್ಣು ಕಾಲಿಗೆ ಸಿಕ್ಕಿತೇ? ಹಾಗಾದರೆ ಮುಂದಕ್ಕೆ ಓದು.

ನಾವೆಲ್ಲ ಕ್ಷೇಮ. ನಿನ್ನ ಹೆಂಡತಿ ಸಣ್ಣತಾಯಮ್ಮ ಕ್ಷೇಮ. ನಿನ್ನ ಮಗಳಿಗೆ ಎರಡು ಹಲ್ಲು ಬಂದಿವೆ, ಆ ಎರಡರಿಂದಲೇ ಊರಿನವರನ್ನೆಲ್ಲ ಕಚ್ಚುತ್ತಾಳೆ. ಲಕ್ಷ್ಮಣತೀರ್ಥದ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದೆ, ನಿನ್ನ ಗದ್ದೆ ಹೊಡೆ ಕಟ್ಟಿದೆ. ಆನೆಗಳು ಮಾತ್ರ ಕಾಡಿನಂಚಿನ ರಾಗಿಗೆ ಈಗಲೇ ರುಚಿ ಹತ್ತಿಸಿಕೊಂಡಿವೆ. ಅವನ್ನು ಓಡಿಸಲು ಮರದ ಅಟ್ಟಣೆಯ ಮೇಲೆ ನನ್ನನ್ನು ಕೂರಿಸುತ್ತಾರೆ. ತಮಟೆ ಬೇಡ, ಪಂಜು ಬೇಡ, ಬೀರಯ್ಯನ ಗಂಟಲೊಂದಿದ್ದರೆ ಸಾಕು ಎನ್ನುತ್ತಾರೆ. ಪಂಜು ಬೇಡ ಎಂದು ಮೊದಲು ಹೇಳಿದವನು ನಾನೇ, ಯಾಕೆಂಬುದು ಅವರಿಗೆ ಗೊತ್ತಿಲ್ಲ.

ನಿನ್ನ ಕಾಗದ ಬಂದದ್ದು ಭಾದ್ರಪದ ಬಹುಳ ಏಕಾದಶಿ. ಉತ್ತರ ಬರೆಯುತ್ತಿರುವುದು ಇವತ್ತು. ತಪ್ಪು ನನ್ನದು, ಕ್ಷಮಿಸು. ನಡುವೆ ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ. ನಿನ್ನಕ್ಕ ಚಿಕ್ಕಮಾದಮ್ಮ ಆ ಚೂರುಗಳನ್ನು ಒಲೆಗೆ ಹಾಕುತ್ತಾ, “ಸಾವ್ರ ಜನದ ಮುಂದೆ ನಿಂತು ಗುಡುಗ್ದೋರು, ತಮ್ಮಂಗೆ ಒಂದು ಕಾಗ್ದ ಬರಿಯಕ್ಕೆ ಹಿಂಗಾ ಬೆವರ್ತೀರಾ?” ಎಂದಳು. ಬೆವರುತ್ತೇನೆ ಕಣಯ್ಯ. ಈಗಲೂ ಹಾಳೆಯ ಮೇಲೆ ಕೈ ಅಂಟುತ್ತಿದೆ.

ನೀನು ಬರೆದಿದ್ದೇನು? “ಭಾವ, ಎರಡು ವರ್ಷದ ಮೇಲೆ ಮತ್ತೆ ಎಣ್ಣೆ ಹಡಗೊಂದು ಒಡೆಯಲು ದಡಕ್ಕೆ ಬಂದಿದೆ. ಒಂಬತ್ತು ತೊಟ್ಟಿಗಳು. ತೊಟ್ಟಿಯ ಬಾಯಿಗೆ ಕಬ್ಬಿಣದ ಮುಚ್ಚಳ ಇನ್ನೂ ಬಿಗಿದೇ ಇದೆ. ಆಯುಧ ಪೂಜೆಯ ದಿನವೇ ಮೊದಲ ಮುಚ್ಚಳ ತೆಗೆಯೋಣ ಎಂದು ಕೆಲಸ ಮಾಡಿಸುವ ಮುಕಾದಮ ಒಪ್ಪಿದ್ದಾನೆ. ಹೋದ ಸಲ ಕುಳ್ಳಯ್ಯನ ಮನೆಯ ಕಾಯಿ ಕೊಳೆತು ಬಂತು, ಕರ್ಪೂರ ಹಚ್ಚುವ ಮೊದಲೇ ಹಡಗು ಸಿಡಿಯಿತು, ಪೂಜೆ ಮುರಿದದ್ದಕ್ಕೇ ಕುಳ್ಳಯ್ಯ ಹೋದ ಎಂದು ನೀವೇ ಹೇಳಿದಿರಿ. ಈ ಸಲ ಊರಿನ ಕಾಯಿ ಬೇಡವೆಂದು ಇಲ್ಲಿಯೇ ಇಪ್ಪತ್ತೊಂದು ಕಾಯಿ ಅಲುಗಿಸಿ ನೋಡಿ ತಂದಿದ್ದೇವೆ. ಕರ್ಪೂರವೂ ಹೇರಳವಾಗಿದೆ. ನೀವು ಹೇಳಿಕೊಟ್ಟ ಹಾಗೆ ಮೊದಲ ಏಟು ಬೀಳುವ ಜಾಗದಲ್ಲೇ, ತೊಟ್ಟಿಯ ಬಾಯಿಯಲ್ಲೇ ಮಂಗಳಾರತಿ. ನಮ್ಮ ಕಡೆಯ ಹನ್ನೆರಡು ಜನವೂ ಸುತ್ತ ನಿಲ್ಲುತ್ತೇವೆ.”

ಹನ್ನೆರಡು ಜನ! ಸುತ್ತ!

ಅಮಾವಾಸ್ಯೆಯ ದಿನ ಹುಣಸೂರಿಗೆ ನಡೆದು ಹೋಗಿ ತಂತಿ ಕೊಟ್ಟೆ. ತಂತಿ ಕಚೇರಿಯ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ, “ಕರ್ಪೂರ ಹಚ್ಚಬೇಡಿ... ಇಷ್ಟೇನಾ? ಯಜಮಾನರೇ, ಸತ್ತರು ಅಂತ ತಂತಿ ಕೊಡ್ತಾರೆ, ಹುಟ್ಟಿತು ಅಂತ ಕೊಡ್ತಾರೆ. ದೇವರಿಗೆ ಕರ್ಪೂರ ಬೇಡ ಅಂತ ತಂತಿ ಕೊಟ್ಟೋರನ್ನ ಇವತ್ತೇ ನಾನು ನೋಡಿದ್ದು” ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಯಾಕೆ ಬೇಡ ಎಂದು ಬರೆಸುವ ಧೈರ್ಯ ಬರಲಿಲ್ಲ.

ನಿನ್ನೆ ನಿನ್ನ ಉತ್ತರ ತಂತಿಯಲ್ಲೇ ಬಂತು. “ಮತ್ತೆ ಪೂಜೆ ಮುರಿದೀತೆಂದು ಹೆದರಬೇಡಿ ಭಾವ. ಈ ಸಲ ಕೊರತೆ ಆಗುವುದಿಲ್ಲ. ಕರ್ಪೂರ ಎರಡು ಸೇರು.”

ಅಯ್ಯೋ ಮುದ್ದಯ್ಯ, ನಾನು ಹೆದರುತ್ತಿರುವುದೇ ಆ ಎರಡು ಸೇರಿಗೆ!

ಈ ಪದ್ಧತಿ ಹುಟ್ಟಿದ್ದು ಹೇಗೆ ಎಂದು ನಿನಗೆ ಗೊತ್ತು. ಎಡತೊರೆಯ ಕ್ಯಾಂಪಿನಲ್ಲಿ, ಪಿರಿಯಾಪಟ್ಟಣದ ತಗಡಿನ ಕೊಟ್ಟಿಗೆಯಲ್ಲಿ, ಎಲ್ಲಿ ನಾಟಕವಾಡಿದರೂ ರಂಗಪೂಜೆ ಇಲ್ಲದೆ ನಮ್ಮ ಪರದೆ ಎದ್ದದ್ದಿಲ್ಲ. ಟಾಕಿ ಸಿನಿಮಾ ಬಂದು ನಮ್ಮ ನಾಟಕ ಕಂಪನಿ ಮುಂಬಯಿಯಲ್ಲಿ ಮುಳುಗಿತು. ಕಿರೀಟ, ಗದೆ ಎಲ್ಲ ಬಿಟ್ಟು ಹೊಟ್ಟೆಪಾಡಿಗೆ ಹಡಗು ಒಡೆಯುವ ದಡಕ್ಕೆ ಬಂದೆವು. ಬಂದ ಮೊದಲ ದಿನ ಆ ಮುದಿ ಹಡಗನ್ನು ನೋಡಿ, “ಇದೂ ಒಂದು ರಂಗವೇ, ಪೂಜೆ ಇಲ್ಲದೆ ಸುತ್ತಿಗೆ ಎತ್ತಕೂಡದು” ಎಂದು ಗುಡುಗಿದವನು ನಾನು. ಮೊದಲ ಏಟು ಬೀಳುವ ಕಡೆ ತಟ್ಟೆ ಬೆಳಗಬೇಕು ಎಂದು ಶಾಸ್ತ್ರ ಮಾಡಿದವನೂ ನಾನೇ. ಯಾವ ಪುರಾಣದಲ್ಲಿದೆ ಅದು? ನನ್ನ ನಾಲಿಗೆಯಲ್ಲಿತ್ತು. ಹತ್ತಿ ತಂದ ಹಡಗು, ಕಲ್ಲಿದ್ದಲು ತಂದ ಹಡಗು, ಯಾವುದಕ್ಕೂ ಏನೂ ಆಗಲಿಲ್ಲ. ಪೂಜೆಯ ಫಲ ಎಂದುಕೊಂಡೆವು. ಪೆಟ್ರೋಲು ತರುವ ಎಣ್ಣೆ ಹಡಗೇ ಬೇರೆ ಜಾತಿ ಎಂದು ನಮಗೆ ಯಾರು ಹೇಳಿದ್ದರು?

ನಿನ್ನೆ ಮಧ್ಯಾಹ್ನ ಇಲ್ಲಿ ಆದದ್ದನ್ನು ಕೇಳು. ನಾನು ಹೇಳುವುದಕ್ಕಿಂತ ಅದೇ ನಿನಗೆ ಚೆನ್ನಾಗಿ ಹೇಳುತ್ತದೆ.

ನಿನ್ನಕ್ಕ ಬಸ್ಸಿನವರಿಂದ ಪೆಟ್ರೋಲಿನ ಬರಿ ಡಬ್ಬವೊಂದನ್ನು ತಂದಿದ್ದಳು. ಬಚ್ಚಲಿಗೆ ನೀರು ತುಂಬಿಡಲು ಅದರ ತಲೆ ಕತ್ತರಿಸಿ ಹಿಡಿ ಬೆಸೆಸಬೇಕಂತೆ. ಕಲಾಯಿಯವನು ಬೀದಿಯಲ್ಲಿ ಕೂತು ತಿದಿಯೊತ್ತಿ ಇದ್ದಲು ಕೆಂಪಗೆ ಮಾಡಿದ್ದ. ನಾನು ನಿನ್ನ ತಂತಿ ಹಿಡಿದು ಹೊರಗೆ ಬಂದರೆ, ಅವನ ಒಂದು ಕೈಯಲ್ಲಿ ಡಬ್ಬ, ಇನ್ನೊಂದು ಕೈಯಲ್ಲಿ ಕೆಂಡದಂಥ ಕಾವಿನ ಕಬ್ಬಿಣ! “ನಿಲ್ಲೋ!” ಎಂದು ಕೂಗಿದೆ. ರಕ್ಕಸ ಪಾತ್ರದಲ್ಲೂ ಅಂಥ ಕೂಗು ಕೂಗಿರಲಿಲ್ಲ. ಅವನ ಕೈಯಿಂದ ಕಬ್ಬಿಣ ಬಿತ್ತು, ಎಮ್ಮೆ ಹಗ್ಗ ಕಿತ್ತಿತು, ಬೀದಿಗೆ ಬೀದಿಯೇ ಸೇರಿತು.

ನಿನ್ನಕ್ಕ ಸೊಂಟಕ್ಕೆ ಕೈಯಿಟ್ಟಳು. “ಬರೀ ಡಬ್ಬ ಕಣ್ರೀ! ತೊಟ್ಟು ಎಣ್ಣೆ ಇಲ್ಲ, ಬೋರಲಾಕಿ ಒಣಗ್ಸಿವ್ನಿ. ಒಳ್ಗೆ ಏನು ಕೂತದೆ, ನಿಮ್ಮ ರಕ್ಕಸನಾ?”

“ಹೌದು ಕಣೆ, ರಕ್ಕಸನೇ” ಎಂದೆ.

ಜನ ನಕ್ಕರು. ನಾನು ನಗಲಿಲ್ಲ. ಡಬ್ಬವನ್ನು ಊರಾಚೆಯ ಹಲಸಿನ ಮರದ ಕೆಳಗಿಟ್ಟು, ಎಲ್ಲರನ್ನೂ ನಾಲೆಯ ಏರಿಯ ಹಿಂದಕ್ಕೆ ಅಟ್ಟಿದೆ. ಎರಡು ಬಿದಿರ ಗಳ ಜೋಡಿಸಿ, ತುದಿಗೆ ಬಟ್ಟೆ ಸುತ್ತಿ, ಬೆಂಕಿ ಹಚ್ಚಲು ಕಲಾಯಿಯವನಿಗೇ ಹೇಳಿದೆ. ನಾನು ಎರಡು ವರ್ಷದಿಂದ ಕಡ್ಡಿ ಗೀರಿದವನಲ್ಲ. ಮನೆಯಲ್ಲಿ ನಿನ್ನಕ್ಕ ದೀಪ ಹಚ್ಚಿದರೆ ನಾನು ಹಿತ್ತಲಿಗೆ ಹೋಗುತ್ತೇನೆ. ಕುಳ್ಳಯ್ಯನ ದುಃಖ ಎಂದು ಎಲ್ಲರೂ ತಿಳಿದಿದ್ದಾರೆ.

ಏರಿಯ ಹಿಂದೆ ಕೂತು ಗಳ ಚಾಚಿದೆವು. ಉರಿ ಡಬ್ಬದ ಬಾಯಿಯನ್ನು ಮುಟ್ಟಿತೋ ಇಲ್ಲವೋ, ಧಡ್ ಎಂದಿತು ಮುದ್ದಯ್ಯ! ಡಬ್ಬ ಎದ್ದು ಹಲಸಿನ ಮರದ ಅರ್ಧಕ್ಕೆ ಹಾರಿ, ಒಂದು ಕೊಂಬೆ ಮುರಿದುಕೊಂಡು ಕೆಳಗೆ ಬಿತ್ತು. ಹಕ್ಕಿಗಳೆಲ್ಲ ಹೊಳೆಯಾಚೆ ಹಾರಿದವು. ಬಿಚ್ಚಿಕೊಂಡ ತಗಡು ಬಾಳೆಲೆಯ ಹಾಗೆ ಅಂಗಾತ ಬಿದ್ದಿತ್ತು. ಕಲಾಯಿಯವನು ಕಿವಿ ಮುಚ್ಚಿಕೊಂಡು, “ಯಪ್ಪಾ! ಏನೂ ಇಲ್ದಿದ್ದೇ ಹಿಂಗಾದ್ರೆ ತುಂಬಿದ್ರೆ ಹೆಂಗೆ?” ಎಂದ.

ಅಲ್ಲೇ ಇರುವುದು ಮೋಸ. ತುಂಬಿದ ಡಬ್ಬಕ್ಕಿಂತ ಬರಿದಾದ ಡಬ್ಬ ಕೆಟ್ಟದ್ದು. ಎಣ್ಣೆ ಹೋದರೂ ಅದರ ಉಸಿರು ಒಳಗೆ ಉಳಿಯುತ್ತದೆ. ಕಣ್ಣಿಗೆ ಕಾಣದು, ಕೈಗೆ ಸಿಗದು, ಬೆಂಕಿಗಾಗಿ ಬಾಯಿ ತೆರೆದು ಕಾದಿರುತ್ತದೆ. ಇದು ಒಂದು ಡಬ್ಬ. ನಿನ್ನ ಹಡಗಿನ ಒಂದು ತೊಟ್ಟಿ ಇಂಥ ಎಷ್ಟು ಸಾವಿರ ಡಬ್ಬ ಹಿಡಿದೀತು, ನೀನೇ ಎಣಿಸು. ಅಂಥವು ಒಂಬತ್ತು. ಬಾಯಿ ಬಿಗಿದು ಎಷ್ಟು ತಿಂಗಳಾಯಿತೋ! ಅದನ್ನು ನವಮಿಯ ದಿನ ತೆರೆದು, ತೆರೆದ ಗಳಿಗೆಯಲ್ಲೇ ಎರಡು ಸೇರು ಕರ್ಪೂರ ಹೊತ್ತಿಸಿ, ಹನ್ನೆರಡು ಜನ ಸುತ್ತ ನಿಂತು ಕೈಮುಗಿಯುವುದೆಂದರೆ... ಮುಂದೆ ಬರೆಯಲಾರೆ.

ಈಗ ನೀನು ಕೇಳುತ್ತೀಯ. “ಹಾಗಾದರೆ ಹೋದ ಸಲ ಕರ್ಪೂರ ಹಚ್ಚುವ ಮೊದಲೇ ಸಿಡಿಯಿತಲ್ಲ ಭಾವ?”

ಹಚ್ಚಿದ್ದೆ.

ಕೇಳಿದೆಯಾ? ಹಚ್ಚಿದ್ದೆ ಕಣಯ್ಯ. ನೀವೆಲ್ಲ ಆಯುಧಗಳನ್ನು ಸಾಲಾಗಿಟ್ಟುಕೊಂಡು ಕೆಳಗೆ ದಡದಲ್ಲಿದ್ದಿರಿ. ಮೇಲೆ ಇದ್ದವರು ಇಬ್ಬರೇ, ನಾನು ಮತ್ತು ಕುಳ್ಳಯ್ಯ. ಅವನ ಕೈಯಲ್ಲಿ ಗಂಟೆ, ನನ್ನ ಕೈಯಲ್ಲಿ ತಟ್ಟೆ. ಮುಚ್ಚಳ ಸರಿಸಿದಾಗ ಗಮ್ಮೆಂದು ವಾಸನೆ ಬಂದು ತಲೆ ತಿರುಗಿತು. ಕುಳ್ಳಯ್ಯ ಮೂಗು ಮುಚ್ಚಿಕೊಂಡು, “ಅಣ್ಣೋ, ಈ ರಕ್ಕಸಿ ಬಾಯಿ ತೊಳ್ದು ಎಷ್ಟು ವರ್ಸ ಆಯ್ತೋ! ಗಾಳಿ ಆಡ್ಲಿ, ವಸಿ ತಡ್ಕಳಿ” ಎಂದ. ತಡೆಯಬೇಕಿತ್ತು. ಅವನು ಹೇಳಿದ ಆ ಒಂದು ಮಾತು ಕೇಳಬೇಕಿತ್ತು! ಕೇಳಲಿಲ್ಲ, ಯಾಕೆಂದರೆ ಆ ತೊಟ್ಟಿಯೊಳಗೆ ನನ್ನ ದನಿ ಮೊಳಗುವುದನ್ನು ಕೇಳುವ ಆಸೆ ನನಗೆ. ಅಷ್ಟು ದೊಡ್ಡ ಕಬ್ಬಿಣದ ಹೊಟ್ಟೆ. ಯಾವ ರಂಗಮಂದಿರದಲ್ಲಿ ಸಿಗುತ್ತದೆ ಅಂಥ ಮಾರ್ದನಿ? ಬಗ್ಗಿ ಶ್ಲೋಕ ಎತ್ತಿದೆ. ಒಂದು ದನಿ ಹತ್ತಾಗಿ ತಿರುಗಿ ಬಂತು. ಮೈ ಜುಂ ಎಂದಿತು. ಕಡ್ಡಿ ಗೀರಿ ಕರ್ಪೂರಕ್ಕೆ ಹಿಡಿದು, ತಟ್ಟೆಯನ್ನು ಬಾಯಿಯ ಮೇಲಕ್ಕೆ ಚಾಚಿದೆ.

ನೀಲಿ ಬಣ್ಣದ್ದೇನೋ ಹೆಡೆಯೆತ್ತಿತು. ಸದ್ದು ನನಗೆ ಕೇಳಲೇ ಇಲ್ಲ. ಕಣ್ಣು ಬಿಟ್ಟಾಗ ಹಗ್ಗದ ಸುರುಳಿಯ ಮೇಲೆ ಬಿದ್ದಿದ್ದೆ. ಹುಬ್ಬು ಸುಟ್ಟಿತ್ತು, ಬಲಗಿವಿಯಿಂದ ರಕ್ತ. ಎದುರಿಗೆ ಕುಳ್ಳಯ್ಯ ನಿಂತಿದ್ದ ಜಾಗದಲ್ಲಿ ಗಂಟೆ ಮಾತ್ರ ಇತ್ತು.

ನೀವು ಓಡಿ ಬಂದಿರಿ. “ಏನಾಯ್ತು ಭಾವ?” ಎಂದು ಮೊದಲು ಕೇಳಿದವನು ನೀನು. ಅಷ್ಟು ಮುಖಗಳು ನನ್ನನ್ನೇ ನೋಡುತ್ತಿದ್ದವು. ಮಾತು ಎತ್ತಿಕೊಡುವ ಪ್ರಾಂಪ್ಟರ್ ಇಲ್ಲದೆಯೇ ನನ್ನ ಬಾಯಿಗೆ ಮಾತು ಬಂತು. “ಕರ್ಪೂರ ಹಚ್ಚಿರಲೇ ಇಲ್ಲ” ಎಂದೆ. ಚಪ್ಪಾಳೆ ಬೀಳದಿದ್ದರೂ ಎಲ್ಲರೂ ನಂಬಿದ ನಾಟಕ ನನ್ನ ಜನ್ಮದಲ್ಲಿ ಅದೊಂದೇ. ಅದಕ್ಕೇ ಈಗ ನೀವು ಎರಡು ಸೇರು ಹಚ್ಚಲು ಹೊರಟಿದ್ದೀರಿ. ಹಚ್ಚದೆ ಇದ್ದುದಕ್ಕೇ ಕುಳ್ಳಯ್ಯ ಸತ್ತ ಎಂದು ನಂಬಿಸಿದವನು ನಾನು!

ಮುದ್ದಯ್ಯ, ರಂಗದ ಮೇಲೆ ಎಷ್ಟು ಸಲ ನೀನು ರಾಣಿಯ ವೇಷದಲ್ಲಿ ನನ್ನ ಕಾಲು ಹಿಡಿದಿಲ್ಲ? “ಯುದ್ಧ ಬೇಡ ಸ್ವಾಮೀ” ಎಂದು ಅತ್ತಿಲ್ಲ? ನಾನು ಮೀಸೆ ತಿರುವಿ, ನಿನ್ನನ್ನು ಒದರಿ ಹೋಗುತ್ತಿದ್ದೆ. ಜನ ಸಿಳ್ಳೆ ಹೊಡೆಯುತ್ತಿದ್ದರು. ಇವತ್ತು ರಕ್ಕಸನೇ ರಾಣಿಯ ಕಾಲು ಹಿಡಿದಿದ್ದಾನೆ. ನೀನು ಹಾಗೆ ಒದರಿ ಹೋಗಬೇಡ. ಪೂಜೆ ದಡದಲ್ಲಿ ಮಾಡಿ, ಹಡಗಿನಿಂದ ದೂರದಲ್ಲಿ, ಬರಿಯ ಅರಿಶಿನ ಕುಂಕುಮ ಹೂವಿನಲ್ಲಿ. ಬೆಂಕಿಯ ಕಿಡಿಯೂ ಬೇಡ. ಆಮೇಲೂ ಮುಚ್ಚಳ ತೆಗೆದು ದಿನಗಟ್ಟಲೆ ಗಾಳಿಗೆ ಬಿಡಿ, ನೀರಿನ ಹಬೆ ಹಾಯಿಸಿ ತೊಳೆಸದೆ ಯಾರೂ ಇಳಿಯಬೇಡಿ. ಮುಕಾದಮ ಗದರಿಸಿದರೆ ಗದರಿಸಲಿ. ಹನ್ನೆರಡು ಮನೆಯ ಒಲೆ ಅವನು ಉರಿಸುತ್ತಾನೆಯೇ?

ಇವತ್ತು ತದಿಗೆ. ನವಮಿಗೆ ಆರು ದಿನ. ನಮ್ಮ ಟಪ್ಪಾಲು ನಿನ್ನನ್ನು ಮುಟ್ಟಲು ಐದು. ನಾಳೆ ನಾನೇ ಹುಣಸೂರಿಗೆ ನಡೆದು ಹೋಗಿ ಇದನ್ನು ಹಾಕುತ್ತೇನೆ. ದಾರಿಯಲ್ಲಿ ಒಂದು ಸೇತುವೆ ಕುಸಿದರೆ, ಒಂದು ರೈಲು ತಪ್ಪಿದರೆ... ಆ ಯೋಚನೆ ಬಂದಾಗಲೆಲ್ಲ ಬೆರಳು ಮಡಚಿ ತಿಥಿಗಳನ್ನು ಮತ್ತೆ ಎಣಿಸುತ್ತೇನೆ.

ನೀನು, ನಿನ್ನ ಜೊತೆಯ ಹನ್ನೊಂದು ಜನ, ನೂರು ವರ್ಷ ಬಾಳಿ. ನಿನ್ನ ಮಗಳು ನಿನ್ನನ್ನೂ ಕಚ್ಚುವಂತಾಗಲಿ.

ಇಂತು ನಿನ್ನ ಭಾವ,
ದೊಡ್ಡಬೀರಯ್ಯ

ಮರೆತ ಮಾತು. ಚೌತಿ, ಹುಣಸೂರು ಟಪ್ಪಾಲು ಕಚೇರಿಯ ಜಗಲಿ.

ಮರೆತದ್ದಲ್ಲ. ಮೇಲಿನದನ್ನೆಲ್ಲ ಬರೆದೂ ಇದೊಂದನ್ನು ನುಂಗಿಕೊಂಡಿದ್ದೆ.

ನಿನ್ನೆ ಸಂಜೆ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಕುಳ್ಳಯ್ಯನ ಹೆಂಡತಿ ವೀರಮ್ಮ ಬಂದಳು. ಡಬ್ಬ ಸಿಡಿದಾಗ ಅವಳೂ ಏರಿಯ ಹಿಂದೆ ಇದ್ದಳಂತೆ. ಹೊಸಿಲಾಚೆಯೇ ಕೂತು ಕೇಳಿದಳು. “ಅಣ್ಣಯ್ಯ, ಬರೀ ಡಬ್ಬ ತಾನಾಗೇ ಸಿಡಿಯಕಿಲ್ಲ ಅಲ್ವರಾ? ಬೆಂಕಿ ತೋರಿಸ್ಬೇಕು ಅಲ್ವರಾ?”

“ಹೌದು” ಎಂದೆ.

“ಅಂಗಾರೆ ಆವತ್ತು ಬೆಂಕಿ ತೋರಿಸ್ದೋರು ಯಾರು?”

ಲಕೋಟೆಯನ್ನು ಮೊಣಕಾಲಡಿಗೆ ಸರಿಸಿದೆ. ಅವಳೇ ಮುಂದುವರಿಸಿದಳು. “ಆ ಕಾಯಿನ ನಾನೇ ನಮ್ಮ ಇತ್ಲ ಮರದಿಂದ ಇಳಿಸಿ, ಕಿವೀಗಿಟ್ಟು ಅಲ್ಲಾಡ್ಸಿ ನೋಡಿ ಕಳಿಸಿದ್ದೆ. ನೀವು ಬಂದು ಕೊಳೆತಿತ್ತು ಅಂದ್ರಿ. ನಮ್ಮತ್ತೆ ದೊಡ್ಡಮ್ಮ ಅವತ್ತಿಂದ ನನ್ನ ಕೈ ನೀರು ಕುಡ್ದಿಲ್ಲ, ಗಂಡುನ್ನ ತಿಂದ ಕೈ ಅಂತಾಳೆ. ಮದ್ವೆ ಮನೇಲಿ ಅಡ್ಗೆ ಕಾಯಿ ತುರಿಯಕ್ಕೂ ಬುಡಾಕಿಲ್ಲ. ಆ ಮರನೂ ಕಡಿಸ್ಬುಟ್ರು ಅಣ್ಣಯ್ಯ. ಕಾಯಿ ಕಾಯಿ ಬುಟ್ಟಿದ್ದ ಮರ.”

ಮುದ್ದಯ್ಯ, ಕಾಯಿ ಕೊಳೆತಿರಲಿಲ್ಲ. ಕರ್ಪೂರ ಹಚ್ಚುವ ಮೊದಲು ಒಡೆದಾಗ ಎರಡು ಹೋಳೂ ಹಾಲಿನ ಹಾಗಿದ್ದವು. ಕುಳ್ಳಯ್ಯ ಒಂದು ಚೂರು ಬಾಯಿಗೆ ಹಾಕಿಕೊಂಡು, “ನಮ್ಮನೇವ್ಳು ಕಳ್ಸಿದ್ದು, ಸಕ್ರೆ ಕಣಣ್ಣ” ಎಂದಿದ್ದ. ನಿಮ್ಮ ಮುಂದೆ ನಿಂತಾಗ ತಪ್ಪು ಹೊರಲು ಯಾರಾದರೂ ಬೇಕಿತ್ತು. ಅಲ್ಲಿಲ್ಲದವಳ ತಲೆಗೆ ಕಟ್ಟಿದೆ.

ಅವಳಿಗೆ ಹಾಗೆಯೇ ಹೇಳಿದೆ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಅವಳು ಕೇಳಿದ್ದು ಒಂದೇ. “ಬೆಳ್ಳಗಿತ್ತಾ?”

“ಬೆಳ್ಳಗಿತ್ತು ಕಣವ್ವ.”

“ನನ್ನೊಬ್ಳಿಗೆ ಪಿಸುಗುಟ್ಟಿದ್ರೆ ಆಗಕಿಲ್ಲ. ಕೂಗಿ ಹೇಳಿ. ಗಂಟ್ಲು ಅದೆಯಲ್ಲ ನಿಮ್ಗೆ.”

ಬೆಳಿಗ್ಗೆ ಊರ ಬಾಗಿಲಲ್ಲಿ ನಿಂತು ಕೂಗಿದೆ. ವೀರಮ್ಮನ ಅತ್ತೆ ದೊಡ್ಡಮ್ಮ ಹೊರಗೆ ಬಂದು ಕೇಳಿ, ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ನಿನ್ನಕ್ಕ ನನ್ನ ಮುಖ ನೋಡಲಿಲ್ಲ, ಬುತ್ತಿ ಮಾತ್ರ ಕಟ್ಟಿ ಜಗಲಿಯ ಮೇಲಿಟ್ಟಳು. ವೀರಮ್ಮ ನನ್ನ ಹಿಂದೆಯೇ ಇಲ್ಲಿಗೆ ನಡೆದು ಬಂದಳು, ನಾನು ದಾರಿಯಲ್ಲಿ ಮನಸ್ಸು ಬದಲಿಸಿಯೇನು ಎಂದು.

ಈ ಕಾಗದ ನಿನ್ನ ಕೈ ಸೇರುವುದು ನವಮಿಯ ಬೆಳಿಗ್ಗೆಯೋ, ಮಧ್ಯಾಹ್ನವೋ. ಅದನ್ನು ನಂಬುವ ಹಾಗಿಲ್ಲ. ಅದಕ್ಕೇ ಈಗಷ್ಟೇ ಇನ್ನೊಂದು ತಂತಿ ಕೊಟ್ಟೆ. ಗುಮಾಸ್ತ ಎಲ್ಲರಿಗೂ ಕೇಳುವಂತೆ ಓದಿದ. “ಆವತ್ತು ಕರ್ಪೂರ ಹಚ್ಚಿದ್ದೆ. ಅದೇ ಕುಳ್ಳಯ್ಯನನ್ನು ಕೊಂದಿತು. ಬೆಂಕಿ ಬೇಡ. ಕಾಯಿ ಬೆಳ್ಳಗಿತ್ತು.” ಈ ಸಲ ಯಾರೂ ನಗಲಿಲ್ಲ. ಅವನು ದನಿ ತಗ್ಗಿಸಿ, “ಕೊನೇ ಮಾತು ಬೇಕಾ ಯಜಮಾನರೇ? ಅದಿಲ್ಲದೆಯೂ ಅರ್ಥ ಆಗತ್ತೆ” ಎಂದ.

ನಾನು ಬಾಯಿ ತೆರೆಯುವ ಮೊದಲೇ ವೀರಮ್ಮ ಕಿಟಕಿಯ ಸರಳು ಹಿಡಿದು, “ಅದು ಇರ್ಲಿ ಸ್ವಾಮಿ” ಎಂದಳು.

ಉತ್ತರಕ್ಕೆ ಕಾದು ಕೂತಿದ್ದೇವೆ. ನನ್ನ ಬಲಗಿವಿ ಹೋಗಿದೆ, ಎಡಗಿವಿಯಲ್ಲಿ ನನ್ನ ಎದೆಯ ಬಡಿತ ಬಿಟ್ಟು ಏನೂ ಕೇಳುತ್ತಿಲ್ಲ. ಒಳಗೆ ತಂತಿಯ ಯಂತ್ರ ಕಟಕಟ ಎಂದರೆ ಹೇಳು ಎಂದು ಅವಳಿಗೆ ಹೇಳಿದ್ದೇನೆ. ಅವಳು ಗೋಡೆಗೆ ಕಿವಿಯಿಟ್ಟು ಕೂತಿದ್ದಾಳೆ, ಕಾಯಿ ಅಲುಗಿಸಿ ನೋಡುವಾಗ ಕೂರುವ ಹಾಗೆ.